ಪದಚರ್ಚೆ: ಹೊಗೆಸೊಪ್ಪನ್ನು ಬೇಯಿಸುವುದೋ, ಹದಗೊಳಿಸುವುದೋ?

ಪ್ರಶ್ನೆ: ಹುಣಸೂರು, ಪಿರಿಯಾಪಟ್ಟಣ ಕಡೆಯ ರೈತರು ಹೊಗೆಸೊಪ್ಪು ‘ಬೇಯಿಸುತ್ತೇವೆ’ ಅನ್ನುತ್ತಾರೆ. ಪತ್ರಿಕೆಗಳು ‘ಹದಗೊಳಿಸುವುದು’ ಎಂದೂ ಬರೆಯುತ್ತವೆ. ನೀರೇ ಹಾಕದ ಕೆಲಸಕ್ಕೆ ‘ಬೇಯಿಸು’ ಒಪ್ಪುತ್ತದೆಯೇ? ಹೊಗೆ ಹಾಕಿ ಒಣಗಿಸುವುದರಿಂದ ‘ಹೊಗೆಸೊಪ್ಪು’ ಎಂಬ ಹೆಸರು ಬಂದದ್ದು ನಿಜವೇ?

ಉತ್ತರ: ಎರಡನೆಯದನ್ನು ಮೊದಲು ನೋಡೋಣ. ಅದು ನಿಜವಲ್ಲ. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನಲ್ಲಿ ಸೊಪ್ಪಿಗೆ ಹೊಗೆ ತಾಗುವುದೇ ಇಲ್ಲ. ಒಲೆಯ ಬಾಯಿ ಹೊರಗಿರುತ್ತದೆ. ಹೊಗೆ ತಗಡಿನ ಕೊಳವೆಯೊಳಗೇ ಸುತ್ತಿ ಚಿಮಣಿಯಿಂದ ಆಚೆ ಹೋಗುತ್ತದೆ, ಕೊಳವೆಯ ಕಾವಷ್ಟೇ ಒಳಗೆ ಉಳಿಯುತ್ತದೆ. ಕೊಳವೆ ತೂತುಬಿದ್ದು ಹೊಗೆ ನುಗ್ಗಿದರೆ ಸೊಪ್ಪು ಕೆಟ್ಟಂತೆ. ಮೇಲಾಗಿ ಬ್ಯಾರನ್ ಬಂದದ್ದು 20ನೇ ಶತಮಾನದಲ್ಲಿ, ವರ್ಜೀನಿಯಾ ತಳಿಯ ಜೊತೆ. 1894ರ ಕಿಟ್ಟೆಲ್ ನಿಘಂಟಿನಲ್ಲೇ ‘ಹೊಗೆಸೊಪ್ಪು’ ಇದೆ. ಸೇದುವ ಸೊಪ್ಪಾದ್ದರಿಂದ ಆ ಹೆಸರು. ತಮಿಳಿನ ಪುಗೈಯಿಲೈ, ತೆಲುಗಿನ ಪೊಗಾಕು ಹುಟ್ಟಿದ್ದೂ ಹೀಗೆಯೇ. ಎಲೆ ಅಡಿಕೆ ಜೊತೆ ಜಗಿಯುವವರೂ ಅದನ್ನು ಹೊಗೆಸೊಪ್ಪು ಎಂದೇ ಕರೆಯುವುದು ಈ ಹೆಸರು ಎಷ್ಟು ಗಟ್ಟಿಯಾಗಿ ನಿಂತಿದೆ ಎಂಬುದಕ್ಕೆ ಗುರುತು. ‘ತಂಬಾಕು’ ಪೋರ್ಚುಗೀಸರು ತಂದ ಮಾತು, ಪಾರಸಿ-ಹಿಂದುಸ್ತಾನಿಯ ದಾರಿಯಲ್ಲಿ ನಮಗೆ ಬಂತು. 17ನೇ ಶತಮಾನದ ಮೊದಲಲ್ಲಿ ಅಕ್ಬರನ ದೂತ ಅಸದ್ ಬೇಗ್ ತಂಬಾಕನ್ನು ಕಂಡದ್ದು ಬಿಜಾಪುರದಲ್ಲಿ.

ಇನ್ನು ‘ಬೇಯಿಸು’. ಕನ್ನಡದಲ್ಲಿ ಬೇಯಲು ನೀರೇ ಬೇಕೆಂದಿಲ್ಲ. ಬಿಸಿಲಲ್ಲೂ ಬೇಯುತ್ತೇವೆ, ಸೆಕೆಯಲ್ಲೂ ಬೇಯುತ್ತೇವೆ. ಇಲ್ಲಂತೂ ಸೊಪ್ಪು ತನ್ನ ನೀರಿನ ಹಬೆಯಲ್ಲೇ ಬೇಯುತ್ತದೆ. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಏರಿಸಿ, ಗಾಳಿಕಿಂಡಿ ಮುಚ್ಚಿ, ಸುಮಾರು 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಕಾವಿನಲ್ಲಿ ಒಂದೂವರೆ-ಎರಡು ದಿನ ಇಡುತ್ತಾರೆ. ಆಗ ಎಲೆಗೆ ಜೀವ ಇರುತ್ತದೆ. ಹಸಿರು ಇಳಿದು ಹಳದಿ ಬರುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಅವಸರಪಟ್ಟು ಇಲ್ಲೇ ಬೆಂಕಿ ಜೋರು ಮಾಡಿದರೆ ಎಲೆ ಹಸಿರಾಗಿಯೇ ಒಣಗಿಬಿಡುತ್ತದೆ, ಮತ್ತೆ ಬಣ್ಣ ಬರದು. ಹಳದಿ ಬಂದ ಮೇಲೂ ಕಿಂಡಿ ತೆರೆಯದೆ ತಡಮಾಡಿದರೆ ಕಂದಾಗುತ್ತದೆ. ಆಮೇಲೆ ಕಾವನ್ನು ಮೆಲ್ಲಗೆ 120ಕ್ಕೆ ಏರಿಸಿ ಬಣ್ಣ ನಿಲ್ಲಿಸಬೇಕು, 140ರೊಳಗೆ ಎಲೆ ಒಣಗಬೇಕು, ನಡುನರ ಒಣಗಲು 160ರ ತನಕ ಹೋಗಬೇಕು. ಒಟ್ಟು ಐದಾರು ದಿನದ ಕೆಲಸ. ನಡುವೆ ಸೌದೆ ಹಾಕುವವರು ನಿದ್ದೆಹೋಗಿ ಕಾವು ಇಳಿದರೆ ನರದ ನೀರು ಎಲೆಗೆ ಹಿಂತಿರುಗಿ ಕಪ್ಪು ಕಲೆ ಬೀಳುತ್ತದೆ. ನರ ಪೂರ್ತಿ ಒಣಗದಿದ್ದರೆ ಕಟ್ಟಿಟ್ಟ ಮೂಟೆಯಲ್ಲಿ ಬೂಷ್ಟು ಹಿಡಿಯುತ್ತದೆ. ಇಷ್ಟೆಲ್ಲಕ್ಕೂ ‘ಒಣಗಿಸು’ ಸಾಲದು, ಅದು ಕೊನೆಯ ಅರ್ಧಕ್ಕೆ ಮಾತ್ರ ಹೊಂದುತ್ತದೆ.

‘ಹದ’ ಬೇಕಾಗುವುದು ಇದಾದ ಮೇಲೆ. ಬೆಂದ ಸೊಪ್ಪು ಹಪ್ಪಳದಂತೆ ಗರಿಗರಿ, ಮುಟ್ಟಿದರೆ ಪುಡಿ. ಬೆಂಕಿ ಆರಿಸಿ, ಬಾಗಿಲು, ಕಿಂಡಿ ತೆರೆದಿಟ್ಟರೆ ರಾತ್ರಿಯ ತಂಪುಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಅದೇ ಹದಕ್ಕೆ ಬರುವುದು; ಆಮೇಲೇ ಇಳಿಸುವುದು. ಇಡೀ ಕೆಲಸವನ್ನು ‘ಹದಗೊಳಿಸುವುದು’ ಎಂದರೆ ಈ ಹಂತಕ್ಕೆ ಹೆಸರೇ ಉಳಿಯುವುದಿಲ್ಲ.

ನಿಪ್ಪಾಣಿಯ ಬೀಡಿ ತಂಬಾಕಿಗೆ ಮಾತ್ರ ‘ಬೇಯಿಸು’ ಪದ ಹಾಕಬಾರದು. ಅದಕ್ಕೆ ಬ್ಯಾರನ್ ಇಲ್ಲ, ಬಿಸಿಲೇ ಗತಿ. ಅಲ್ಲಿಗೆ ‘ಒಣಗಿಸು’ ಸರಿ. ಹಾಗಾಗಿ ನಿಘಂಟಿಗೆ ಸೇರಿಸುವವರು ಹೀಗೆ ಬರೆದರೆ ಸಾಕು: ‘ಬೇಯಿಸು (ಮೈಸೂರು ಸೀಮೆ, ಬೇಸಾಯ): ಹಸಿ ಹೊಗೆಸೊಪ್ಪನ್ನು ಬ್ಯಾರನ್ನಿನ ಕಾವಿನಲ್ಲಿಟ್ಟು ಹಳದಿ ಬಣ್ಣ ಬರಿಸಿ ಒಣಗಿಸು.’