ಸ್ಕ್ರೂಡ್ರೈವರ್‌ಗೆ ವೋಡ್ಕಾದ ಬದಲು ಬ್ರಾಂದಿ: ಮಾಡಿ ನೋಡಿದವರು ತಿಳಿಸಿ

ಪ್ರಶ್ನೆ: ವೋಡ್ಕಾ ಇದ್ದ ಜಾಗಕ್ಕೆ ಅಷ್ಟೇ ಬ್ರಾಂದಿ ಹಾಕಿ ಸ್ಕ್ರೂಡ್ರೈವರ್ (ವೋಡ್ಕಾ, ಕಿತ್ತಳೆ ರಸ ಬೆರೆಸಿದ ಕಾಕ್‌ಟೇಲ್) ಮಾಡಿದೆ. ತೀರಾ ಸಿಹಿಯಾಯಿತು, ಕೊನೆಯಲ್ಲಿ ನಾಲಿಗೆಯ ಮೇಲೆ ಕಹಿಯೂ ಉಳಿಯಿತು. ಏನನ್ನು ಬದಲಿಸಬೇಕು?

ಮೊದಲ ಉತ್ತರ: ಬಾರ್‌ಗಳಲ್ಲಿ ಒಪ್ಪಿತವಾದ ಅಳತೆ 50 ಮಿ.ಲೀ. ವೋಡ್ಕಾಕ್ಕೆ 100 ಮಿ.ಲೀ. ಕಿತ್ತಳೆ ರಸ. ವೋಡ್ಕಾಕ್ಕೆ ಸ್ವಂತ ರುಚಿ ಕಡಿಮೆಯಾದ್ದರಿಂದ ಆ ಅಳತೆ ನಡೆಯುತ್ತದೆ. ಬ್ರಾಂದಿಯಲ್ಲಾದರೋ ದ್ರಾಕ್ಷಿಯ ಗುಣದ ಜೊತೆಗೆ ಓಕ್ ಪೀಪಾಯಿಯಿಂದ ಇಳಿದ ವೆನಿಲಾದಂಥ ಕಂಪೂ ಇರುವುದರಿಂದ, ಅಷ್ಟೇ ರಸ ಸುರಿದರೆ ಸಿಹಿಯ ಮೇಲೆ ಸಿಹಿ ಹೇರಿದಂತಾಗುತ್ತದೆ. ನಾನು 50 ಮಿ.ಲೀ. ಬ್ರಾಂದಿಗೆ 75 ಮಿ.ಲೀ. ಕಿತ್ತಳೆ ರಸ, 10 ಮಿ.ಲೀ. ನಿಂಬೆರಸ ಹಾಕುತ್ತೇನೆ. ನಿಂಬೆಯನ್ನು ದಯವಿಟ್ಟು ಬಿಡಬೇಡಿ; ಕೊನ್ಯಾಕ್ (ಫ್ರಾನ್ಸಿನ ಒಂದು ಬ್ರಾಂದಿ) ಮತ್ತು ಕಿತ್ತಳೆ ಲಿಕರ್ (ಸಿಹಿ ಮದ್ಯ) ಸೇರುವ ಕಾಕ್‌ಟೇಲ್ ಸೈಡ್‌ಕಾರ್ ಕೂಡ ನಿಲ್ಲುವುದು ಆ ಹುಳಿಯ ಬಲದಿಂದಲೇ.

ಕಹಿಗೆ ಕಾರಣ ರಸ ತೆಗೆದ ರೀತಿ ಇರಬಹುದು. ತೊಳೆಗಳನ್ನು ಪೊರೆ, ಬೀಜಗಳ ಸಮೇತ ಮಿಕ್ಸಿಗೆ ಹಾಕಿದರೆ, ಅವುಗಳಲ್ಲಿರುವ ಅಂಶವೊಂದು ಹುಳಿರಸದಲ್ಲಿ ನಿಧಾನವಾಗಿ ಲಿಮೋನಿನ್ ಎಂಬ ಕಹಿ ವಸ್ತುವಾಗಿ ಮಾರ್ಪಡುತ್ತದೆ. ಆಗತಾನೇ ತೆಗೆದಾಗ ಸಿಹಿಯಾಗಿದ್ದ ರಸ ಸ್ವಲ್ಪ ಹೊತ್ತು ಇಟ್ಟ ಮೇಲೆ ಕಹಿಯಾಗುವುದು ಇದರಿಂದಲೇ. ಹಣ್ಣನ್ನು ಅಡ್ಡಲಾಗಿ ಕೊಯ್ದು, ಬೀಜ ತೆಗೆದು, ಕೈಯಿಂದ ಮೆಲ್ಲಗೆ ಹಿಂಡಿ, ಸೋಸಿ, ಕೂಡಲೇ ಬಳಸಿ. ನಾಗಪುರ, ಕೊಡಗಿನ ಸಡಿಲ ಸಿಪ್ಪೆಯ ಕಿತ್ತಳೆಗಳಿಗೂ ಇದೇ ಕ್ರಮ ಸಾಕು.

ಎರಡನೆಯ ಉತ್ತರ: ಅಳತೆಯನ್ನು ಒಪ್ಪುತ್ತೇನೆ, ಆದರೆ ಬಾಟಲಿಯ ಲೇಬಲ್ಲನ್ನೂ ಓದಿ. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಬ್ರಾಂದಿಗಳಲ್ಲಿ ಹಲವು ಬಹುಪಾಲು ಕಾಕಂಬಿಯ ಮದ್ಯಸಾರದಿಂದ ತಯಾರಾಗುತ್ತವೆ. ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ್ದಾದರೆ ಈ ಪಾನೀಯದಲ್ಲಿ ಅದರ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ. ಐಸ್ ತುಂಬಿದ ಲೋಟದ ಮೇಲೆ ಕಿತ್ತಳೆ ಸಿಪ್ಪೆಯ ಒಂದು ಚೂರನ್ನು ಹೊರಮೈ ಕೆಳಗಾಗಿ ಹಿಡಿದು ಮಡಚಿದರೆ, ಎಣ್ಣೆಯ ಸಣ್ಣ ಹನಿಗಳು ಸಿಡಿದು ಮೇಲ್ಮೈಯಲ್ಲಿ ಹೊಳೆಯುತ್ತವೆ. ತುಟಿಗೆ ತಾಗುವ ಮೊದಲೇ ಮೂಗಿಗೆ ಮುಟ್ಟುವ ಆ ಪರಿಮಳಕ್ಕೆ ಯಾವ ಎಸೆನ್ಸೂ ಸಾಟಿಯಲ್ಲ.

ಮೂರನೆಯ ಉತ್ತರ: ನಾನು ಸಿಪ್ಪೆಯ ಬದಲು ಜಾಯಿಕಾಯಿಯನ್ನು ಚಿಟಿಕೆಯಷ್ಟು ತುರಿದು ಉದುರಿಸುತ್ತೇನೆ, ಬ್ರಾಂದಿಗೆ ಅದು ಹಳೆಯ ಜೊತೆ. ಪುಡಿ ಮಾಡಿಟ್ಟದ್ದು ಬೇಡ. ಇನ್ನೊಂದು ವಿಷಯ: ನಮ್ಮ ಬ್ರಾಂದಿಯಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ. 42.8 ಇರುವುದರಿಂದ, 50 ಮಿ.ಲೀ.ನಲ್ಲಿ ಶುದ್ಧ ಮದ್ಯಸಾರವೇ 21 ಮಿ.ಲೀ. ದಾಟುತ್ತದೆ. ಹಣ್ಣಿನ ರಸ ಅದರ ಖಾರವನ್ನು ಮರೆಮಾಡುತ್ತದೆ. ಬಂದವರಿಗೆ ಕೊಡುವಾಗ ಕಣ್ಣಳತೆಯಲ್ಲಿ ಸುರಿಯದೆ ಪೆಗ್ ಅಳತೆಯನ್ನೇ ಬಳಸಿ.