ಸಹಾಯ ಬೇಕು: ಓಡುತ್ತಿರುವ ವಿಎಂನ ಡಿಸ್ಕ್ ದೊಡ್ಡದು ಮಾಡಲು ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯ ಸರ್ವರ್ ನೋಡಿಕೊಳ್ಳುತ್ತೇನೆ. ವಿಂಡೋಸ್ ಸರ್ವರ್ 2016, ಹೈಪರ್-ವಿ (ವಿಎಂಗಳನ್ನು, ಅಂದರೆ ಸರ್ವರ್‌ನೊಳಗಿನ ವರ್ಚುವಲ್ ಕಂಪ್ಯೂಟರ್‌ಗಳನ್ನು ಓಡಿಸುವ ತಂತ್ರಾಂಶ), ಎರಡು ನೋಡ್‌ನ ಕ್ಲಸ್ಟರ್ (ಜೋಡಿಸಿದ ಎರಡು ಸರ್ವರ್). ಬಿಲ್ಲಿಂಗ್ ವಿಎಂನ ಡಿ ಡ್ರೈವ್‌ನಲ್ಲಿ ಉಳಿದಿರುವುದು ಬರೀ 3 ಜಿಬಿ. 200 ಜಿಬಿಯನ್ನು 300 ಮಾಡೋಣ ಅಂತ ಕ್ಲಸ್ಟರ್ ಮ್ಯಾನೇಜರ್‌ನಲ್ಲಿ ಸೆಟ್ಟಿಂಗ್ಸ್ ತೆರೆದರೆ ಎಡಿಟ್ ಬಟನ್ ಮಸುಕಾಗಿದೆ, ಚೆಕ್‌ಪಾಯಿಂಟ್ (ವಿಎಂನ ಒಂದು ಕ್ಷಣದ ಸ್ಥಿತಿ ಉಳಿಸಿಟ್ಟದ್ದು) ಇದೆ ಅನ್ನುತ್ತೆ. ಪಟ್ಟಿಯಲ್ಲಿ ನೋಡಿದರೆ ಒಂದೂ ಇಲ್ಲ!

ಡಿಸ್ಕ್‌ನ ಫೈಲ್ ವಿಎಚ್‌ಡಿಎಕ್ಸೇ (ಹೈಪರ್-ವಿಯ ವರ್ಚುವಲ್ ಡಿಸ್ಕ್ ಬಗೆ), ಸ್ಕಝಿ ಕಂಟ್ರೋಲರ್‌ನಲ್ಲೇ ಇದೆ, ಹಳೆಯ ಬಗೆಯ ಐಡಿಇ ಅಲ್ಲ. ಹಾಗಾಗಿ ಓಡುತ್ತಿರುವಾಗಲೇ ಹಿಗ್ಗಬೇಕು ಅಲ್ವಾ? ಆದರೆ ಕ್ಲಸ್ಟರ್ ಸ್ಟೋರೇಜ್ ಫೋಲ್ಡರ್‌ನಲ್ಲಿ ಅದರ ಪಕ್ಕದಲ್ಲೇ ಒಂದು ಎವಿಎಚ್‌ಡಿಎಕ್ಸ್ (ಚೆಕ್‌ಪಾಯಿಂಟ್ ಆದಮೇಲಿನ ಬದಲಾವಣೆ ಬರೆದಿಡುವ ಫೈಲ್) ಕೂತಿದೆ, 41 ಜಿಬಿ, ದಿನಾ ಬೆಳೀತಾ ಇದೆ. ಹೋದ ವಾರ ಮಳೆಗೆ ಮರ ಬಿದ್ದು ಲೈನ್ ಹೋದ ರಾತ್ರಿ ಬ್ಯಾಕಪ್ ಅರ್ಧಕ್ಕೆ ನಿಂತಿತ್ತು, ಅದು ಬಿಟ್ಟುಹೋದದ್ದೇ ಇರಬೇಕು.

ಪವರ್‌ಶೆಲ್‌ನಲ್ಲಿ ಗೆಟ್-ವಿಎಂಸ್ನ್ಯಾಪ್‌ಶಾಟ್ ಕಮಾಂಡ್ ಕೊಟ್ಟರೆ ರಿಕವರಿ ಅಂತ ಒಂದು ಚೆಕ್‌ಪಾಯಿಂಟ್ ಕಾಣುತ್ತದೆ. ಅದನ್ನು ರಿಮೂವ್ ಮಾಡಿದರೆ, ವಿಎಂ ಓಡುತ್ತಿರುವಾಗಲೇ ಆ ಎವಿಎಚ್‌ಡಿಎಕ್ಸ್ ಮೂಲ ಡಿಸ್ಕ್‌ಗೆ ಸುರಕ್ಷಿತವಾಗಿ ಮರ್ಜ್ ಆಗುತ್ತಾ (ಸೇರಿಕೊಳ್ಳುತ್ತಾ)? ಫೈಲನ್ನು ಸುಮ್ನೆ ಡಿಲೀಟ್ ಮಾಡಬಾರದು ಅಂತ ಗೊತ್ತು. ಮರ್ಜ್ ಆಗುವ ತನಕ ವಿಎಂ ಇನ್ನೊಂದು ನೋಡ್‌ಗೆ ಹೋಗದಂತೆ ನೋಡಿಕೊಳ್ಳಬೇಕಾ? ಇಲ್ಲಿ ಕರೆಂಟ್ ನಂಬೋ ಹಾಗಿಲ್ಲ, ಯುಪಿಎಸ್ 40 ನಿಮಿಷ ತಡೆಯುತ್ತದೆ ಅಷ್ಟೇ. ಸೋಮವಾರ ಬೆಳಿಗ್ಗೆ ರೈತರು ಬಿಲ್‌ಗೆ ಬಂದು ನಿಲ್ಲುತ್ತಾರೆ, ಅಷ್ಟರೊಳಗೆ ಸರಿಮಾಡಲೇಬೇಕು. ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ.