ಒಂಟೆ ಬೇಡ, ಜೆರಾಕ್ಸ್ ತಗೊ

ಗಿರಿ ಮೊರಾಕ್ಕೊದಿಂದ ಮಾರಿಟೇನಿಯಾಗೆ ಸಹಾರಾ ದಾಟೋಕೆ ಹೊರಟಿದ್ದಾನೆ ಅಂತ ಗೊತ್ತಾದ ಕೂಡಲೇ ಅವನ ಸಾಮಾನು ಪಟ್ಟಿಯ ಮಹಜರು ಶುರುವಾಯಿತು. ಮೊದಲ ಸಾಲಲ್ಲಿ ದಿಕ್ಸೂಚಿ. ಎರಡನೆಯದರಲ್ಲಿ ತಲೆಗೆ ಸುತ್ತುವ ನೀಲಿ ಬಟ್ಟೆ, ಐದು ಮೀಟರ್. ಮೂರನೆಯದರಲ್ಲಿ ಹಾವಿನ ವಿಷಕ್ಕೆ ಔಷಧಿ.

"ಹಾವು ಕಚ್ಚಿದರೆ ಔಷಧಿ ಆಯ್ತು. ಪೊಲೀಸರು ತಡೆದರೆ?" ಅಂದರು ಶಾಮಣ್ಣ.

"ಪಾಸ್‌ಪೋರ್ಟ್ ಇದೆಯಲ್ಲ ಶಾಮಣ್ಣ."

"ಪಾಸ್‌ಪೋರ್ಟ್ ಒಂದು. ತಡೆಯೋರು ಇಪ್ಪತ್ತು ಕಡೆ."

"ಫೀಶ್ ಮಾಡಿಟ್ಟುಕೊಂಡಿದ್ದೀಯಾ?" ಅಂತ ಸರಸಕ್ಕ ಕೇಳಿದರು.

"ಮರುಭೂಮಿಲಿ ಎಲ್ಲಿಯ ಮೀನು ಅಕ್ಕ?"

"ಮೀನು ಬೇಕಾದಷ್ಟಿದೆ, ಮಾರಿಟೇನಿಯಾದ ನುವಾದಿಬು ಮೀನಿನ ಬಂದರೇ ಅಲ್ವಾ," ಅಂದರು ಭಟ್ರು. ಅವರಿಗೆ ಯಾವ ಊರಿನ ಹೆಸರು ಎತ್ತಿದರೂ ಅಲ್ಲಿಯ ಬಂದರು, ರೈಲು, ಡೀಸೆಲ್ ಬಂಕು ನೆನಪಾಗುತ್ತವೆ.

"ಇದು ಫ್ರೆಂಚರ ಫೀಶ್ ಕಣೋ," ಅಂದರು ಸರಸಕ್ಕ. "ಒಂದು ಚೀಟಿ. ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಪಾಸ್‌ಪೋರ್ಟ್ ನಂಬರು, ಅದು ಕೊಟ್ಟ ದಿನ, ಮುಗಿಯೋ ದಿನ, ಅಪ್ಪ ಅಮ್ಮನ ಹೆಸರು, ಉದ್ಯೋಗ, ಗಾಡಿ ನಂಬರು, ಎಲ್ಲಿಂದ ಎಲ್ಲಿಗೆ. ಎಲ್ಲಾ ಫ್ರೆಂಚಲ್ಲಿ. ರಸ್ತೆಯ ಪ್ರತಿ ಠಾಣೆಯಲ್ಲೂ ಒಂದೊಂದು ಕೊಟ್ಟು ಮುಂದೆ ಹೋಗ್ತಾ ಇರು. ಇಲ್ಲದಿದ್ರೆ ಅವರು ನಿನ್ನ ಪಾಸ್‌ಪೋರ್ಟ್ ಒಳಗೆ ತಗೊಂಡು ಹೋಗಿ, ದೊಡ್ಡ ಪುಸ್ತಕದಲ್ಲಿ ಅಕ್ಷರ ಅಕ್ಷರ ಬರ್ಕೊಂಡು ಬರೋವರೆಗೂ ಬಿಸಿಲಲ್ಲಿ ಕೂತಿರಬೇಕು. ಮೂವತ್ತು ಪ್ರತಿ ಮಾಡಿಸು. ಗಡಿ ದಾಟಿದ ಮೇಲೆ ಇನ್ನೂ ಜಾಸ್ತಿ ಖರ್ಚಾಗುತ್ತೆ."

"ಉದ್ಯೋಗ ಅಂದ ಕಡೆ 'ಸಾಹಸಿ' ಅಂತ ಬರೀಲಾ?"

"ಬರಿ. ಹಾಗೆಂದರೇನು ಅಂತ ಅವರಿಗೆ ವಿವರಿಸು. ನಿನಗೂ ಗೊತ್ತಾದ ಹಾಗಾಗುತ್ತೆ."

ಶಾಮಣ್ಣನ ಪ್ರಕಾರ ಅಲ್ಲಿ ಬರೆಯೋದು ನಿಜ ಇರಬೇಕು, ಒಂದೇ ಪದದಲ್ಲಿರಬೇಕು, ಎರಡನೆಯ ಪ್ರಶ್ನೆ ಹುಟ್ಟಿಸಬಾರದು. ಶಿಕ್ಷಕ, ಗುಮಾಸ್ತ, ಎಂಜಿನಿಯರ್ ಆದರೆ ತೊಂದರೆಯೇ ಇಲ್ಲ. ಪತ್ರಕರ್ತ ಅಂದರೆ ಆ ರಸ್ತೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಮಾತಾಡಿಸುತ್ತಾರೆ. ಅದು ಪಶ್ಚಿಮ ಸಹಾರಾ. ಮೊರಾಕ್ಕೊ ತನ್ನದು ಅನ್ನುತ್ತದೆ, ಅಲ್ಲಿಯ ಸ್ವಾತಂತ್ರ್ಯಕ್ಕೆ ಹೋರಾಡುವ ಸಂಘಟನೆ ಪೊಲಿಸಾರಿಯೊ ನಮ್ಮದು ಅನ್ನುತ್ತದೆ. ಅಲ್ಲಿ ಭೂಪಟ ಬಿಚ್ಚಿ ಚರ್ಚೆಗೆ ಇಳಿಯೋದು ಪ್ರಯಾಣಿಕರ ಕೆಲಸ ಅಲ್ಲ.

"ದಾರಿ ಸರಿಯಾಗಿ ಹೇಳಿ," ಅಂದ ಗಿರಿ.

"ಪಶ್ಚಿಮ ಸಹಾರಾದ ದಖ್ಲಾ ಊರಿನಿಂದ ದಕ್ಷಿಣಕ್ಕೆ ಎನ್1 ಹೆದ್ದಾರಿ. ಸುಮಾರು 350 ಕಿಲೋಮೀಟರ್. ಎಡಕ್ಕೆ ಏನೂ ಇಲ್ಲ, ಬಲಕ್ಕೆ ಸಮುದ್ರ. ಕೊನೆಗೆ ಗೆರ್ಗರಾತ್ ಠಾಣೆ. ಅಲ್ಲಿಗೆ ಮೊರಾಕ್ಕೊ ಆಡಳಿತ ಮುಗೀತು. ಆಮೇಲೆ ನಾಲ್ಕು ಕಿಲೋಮೀಟರ್ ಆಸುಪಾಸು ಯಾರ ಸರಕಾರವೂ ಇಲ್ಲ. ಅದಾದ ಮೇಲೆ ಮಾರಿಟೇನಿಯಾ. ಅಲ್ಲಿಂದ ನುವಾದಿಬುಗೆ ಇನ್ನೊಂದು ಐವತ್ತೈದು ಅರವತ್ತು ಕಿಲೋಮೀಟರ್."

"ಮಾರಿಟೇನಿಯಾ ವೀಸಾ ಗಡಿಯಲ್ಲೇ ಕೊಡ್ತಾರಂತೆ?"

"ಕೊಡ್ತಿದ್ದರು," ಅಂದರು ಸರಸಕ್ಕ, ಸತ್ತವರ ಬಗ್ಗೆ ಮಾತಾಡುವ ದನಿಯಲ್ಲಿ. "ಬರಿಗೈಯಲ್ಲಿ ಹೋಗಿ ನಿಂತರೆ ಅಲ್ಲೇ ಅಂಟಿಸಿ ಕೊಡ್ತಿದ್ದ ಕಾಲ 2025ರ ಜನವರಿ 5ಕ್ಕೆ ಮುಗೀತು. ಈಗ ಮೊದಲೇ ಆನ್‌ಲೈನ್ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಪುಟದ ಸ್ಕ್ಯಾನು, ಫೋಟೋ, ಹೋಗೋ ದಿನ, ಉಳಿಯೋ ಜಾಗ. ಒಪ್ಪಿಗೆ ಪತ್ರ ಈಮೇಲಲ್ಲಿ ಬರುತ್ತೆ. ಅದು ವೀಸಾ ಅಲ್ಲ ಅನ್ನೋದು ನೆನಪಿರಲಿ, ವೀಸಾ ಕೇಳೋಕೆ ಸಿಕ್ಕ ಅಪ್ಪಣೆ. ಅದನ್ನ ಎರಡು ಪ್ರತಿ ಪ್ರಿಂಟ್ ತೆಗೆದಿಟ್ಟುಕೊ. ಮೊಬೈಲಲ್ಲಿ ತೋರಿಸ್ತೀನಿ ಅಂದರೆ ಬ್ಯಾಟರಿ ಸರಿಯಾಗಿ ಆ ಕಿಟಕಿ ಮುಂದೇನೇ ಸಾಯುತ್ತೆ. ಗಡಿಯಲ್ಲಿ ಬೆರಳಚ್ಚು, ಫೋಟೋ, ದುಡ್ಡು, ಆಮೇಲೆ ವೀಸಾ."

"ಎಷ್ಟು?"

"ಐವತ್ತೈದು, ಅರವತ್ತು ಯೂರೋ. ನಗದು. ನೋಟು ಹರಿದಿರಬಾರದು, ಗೀಚಿರಬಾರದು. ಚಿಲ್ಲರೆ ಸಿಗುತ್ತೆ ಅಂತ ಆಸೆ ಇಟ್ಕೋಬೇಡ. ಐವತ್ತರದ್ದೊಂದು, ಹತ್ತರದ್ದೊಂದು, ಐದರದ್ದು ಎರಡು ಇಟ್ಟುಕೊಂಡರೆ ಏನು ಕೇಳಿದರೂ ಕೊಡಬಹುದು."

ಅರ್ಜಿ ಎಲ್ಲಿ ಮುಗ್ಗರಿಸುತ್ತೆ ಅನ್ನೋದಕ್ಕೆ ಸರಸಕ್ಕನ ಉತ್ತರ ಒಂದೇ: ಹೆಸರು. ಪಾಸ್‌ಪೋರ್ಟ್ ಪುಟದ ಕೆಳಗೆ ಬಾಣದ ಗುರುತು ತುಂಬಿದ ಎರಡು ಸಾಲು ಇದೆಯಲ್ಲ, ಗಡಿಯ ಯಂತ್ರ ಓದೋದು ಅದನ್ನು. ಅಲ್ಲಿ ಹೇಗಿದೆಯೋ ಅರ್ಜಿಯಲ್ಲೂ ಹಾಗೇ ಇರಬೇಕು. ಹೆಸರೂ ಮನೆತನದ ಹೆಸರೂ ಅದಲುಬದಲಾದರೆ ಕಂಪ್ಯೂಟರಿನ ಲೆಕ್ಕಕ್ಕೆ ನೀನು ಎರಡು ಜನ. ಒಬ್ಬನಿಗೆ ಅಪ್ಪಣೆ ಇದೆ, ಇನ್ನೊಬ್ಬನಿಗೆ ಪಾಸ್‌ಪೋರ್ಟ್ ಇದೆ.

"ಅದೂ ಪರವಾಗಿಲ್ಲ," ಅಂದರು ಶಾಮಣ್ಣ. "ನಿನ್ನ ಮೊರಾಕ್ಕೊ ವೀಸಾ ಎಷ್ಟು ಸಲ ಒಳಗೆ ಬಿಡುತ್ತೆ?"

"ಒಂದು ಸಲ. ನಾನು ವಾಪಸ್ ಬರಲ್ಲವಲ್ಲ."

ಎಲ್ಲರೂ ಸುಮ್ಮನಾದರು. ಶಾಮಣ್ಣ ಒಂದೊಂದೇ ಬೆರಳು ಮಡಚುತ್ತಾ ಬಿಡಿಸಿ ಹೇಳಿದರು. "ಗೆರ್ಗರಾತ್‌ನಲ್ಲಿ ಹೊರಗೆ ಹೋದ ಅಂತ ಮುದ್ರೆ ಒತ್ತಿದರು. ನಿನ್ನ ಮೊರಾಕ್ಕೊ ವೀಸಾ ಅಲ್ಲಿಗೆ ತೀರಿತು. ನಾಲ್ಕು ಕಿಲೋಮೀಟರ್ ಹೋದೆ. ಆ ಕಡೆಯವರು ಕಾಗದ ಸರಿಯಿಲ್ಲ, ಹಿಂದಕ್ಕೆ ಹೋಗು ಅಂದರು. ಹಿಂದಕ್ಕೆ ಬಂದೆ. ಇವರು ವೀಸಾ ಎಲ್ಲಿ ಅಂದರು. ಆಮೇಲೆ?"

"ತ್ರಿಶಂಕು," ಅಂದರು ಭಟ್ರು.

"ತ್ರಿಶಂಕುಗಾದರೂ ವಿಶ್ವಾಮಿತ್ರ ಇದ್ದ, ಪ್ರತ್ಯೇಕ ಸ್ವರ್ಗ ಕಟ್ಟಿಕೊಟ್ಟ. ಇಲ್ಲಿ ಇರೋದು ಗುಜರಿ ಕಾರು, ನೆಲಬಾಂಬು. ವೀಸಾ ಬೇಕಾದವರು ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡೋ ಮೊರಾಕ್ಕೊ ವೀಸಾ ಕೇಳಿ ನೋಡಬೇಕು. ಅದು ಸಿಗದಿದ್ದರೆ, ಆ ಕಡೆಯ ಒಪ್ಪಿಗೆ ಪತ್ರ ಕೈಗೆ ಬರೋವರೆಗೂ ದಖ್ಲಾ ಬಿಟ್ಟು ಅಲ್ಲಾಡಬಾರದು."

ಗಿರಿ ಹಾವಿನ ಔಷಧಿ ಹೊಡೆದುಹಾಕಿದ. ನೆಲಬಾಂಬು ಅಂದಿದ್ದು ಅವನ ಕಿವಿಯಲ್ಲೇ ಉಳಿದಿತ್ತು.

"ತಮಾಷೆ ಅಲ್ಲ," ಅಂದರು ಭಟ್ರು. "ಮೊರಾಕ್ಕೊ ಸೈನ್ಯ ಮರಳು, ಕಲ್ಲು ಒಟ್ಟಿ ಕಟ್ಟಿದ ಗೋಡೆ ಸುಮಾರು 2,700 ಕಿಲೋಮೀಟರ್ ಉದ್ದ ಇದೆ. ಪೊಲಿಸಾರಿಯೊ ಜೊತೆಗಿನ ಯುದ್ಧ 1991ರ ಕದನವಿರಾಮಕ್ಕೆ ನಿಂತಿತು. ಗೋಡೆಯುದ್ದಕ್ಕೂ ಹೂತಿದ್ದ ಬಾಂಬುಗಳಿಗೆ ಆ ಸುದ್ದಿ ಮುಟ್ಟಲಿಲ್ಲ. ಆ ನಾಲ್ಕು ಕಿಲೋಮೀಟರಿಗೆ ಕಂದಹಾರ್ ಅಂತ ಅಡ್ಡಹೆಸರು. ಮೊದಲು ರಸ್ತೆಯೇ ಇರಲಿಲ್ಲ. ಬಂಡೆ, ಮರಳು, ನೂರು ಕವಲಾಗಿ ಒಡೆದ ಗಾಲಿಯ ಗುರುತು, ಅಕ್ಕಪಕ್ಕ ಸುಟ್ಟ ಕಾರು. 2020ರ ಅಕ್ಟೋಬರ್‌ನಲ್ಲಿ ಪೊಲಿಸಾರಿಯೊ ಕಡೆಯವರು ರಸ್ತೆಗೆ ಅಡ್ಡ ಕೂತರು, ಮೂರು ವಾರ ಲಾರಿಗಳೆಲ್ಲ ನಿಂತವು. ನವೆಂಬರ್ 13ಕ್ಕೆ ಮೊರಾಕ್ಕೊ ಸೈನ್ಯ ನುಗ್ಗಿ ತೆರವು ಮಾಡಿಸಿತು, ಕದನವಿರಾಮವೂ ಮುರೀತು. ಆಮೇಲೆ ಡಾಂಬರು ಬಂತು."

"ಹಾಗಾದರೆ ಈಗ ಸಲೀಸು?"

"ಡಾಂಬರಿನ ಮೇಲೆ ಸಲೀಸು. ಮೂತ್ರಕ್ಕೆ ಅಂತ ಇಳಿದು ಮರೆ ಹುಡುಕಿಕೊಂಡು ಹೋಗೋ ಮರ್ಯಾದಸ್ಥರಿಗೆ ಅಲ್ಲ. ಗೆರ್ಗರಾತ್‌ನಲ್ಲೇ ಮುಗಿಸಿಕೊಂಡು ಹೊರಡು. ಮರಳು ಬಂದು ದಾರಿ ಮುಚ್ಚಿದ್ದರೆ ಪಕ್ಕದಿಂದ ಸುತ್ತು ಹಾಕಬೇಡ. ಲಾರಿ ಹೋದ ಜಾಡಲ್ಲೇ ಹೋಗು. ನಲವತ್ತು ಟನ್ ಟೊಮೇಟೊ ಹೊತ್ತ ಲಾರಿ ದಾಟಿದೆ ಅಂದರೆ ಆ ಜಾಗ ಪರೀಕ್ಷೆ ಪಾಸಾಗಿದೆ ಅಂತ ಅರ್ಥ."

ಆ ಲಾರಿ ಸಾಲಿನದ್ದೇ ಇನ್ನೊಂದು ಕಥೆ. ಮೊರಾಕ್ಕೊದ ತರಕಾರಿಯೆಲ್ಲ ಈ ಬಾಗಿಲಿನಿಂದಲೇ ದಕ್ಷಿಣಕ್ಕೆ ಇಳಿಯೋದು. ಸಾಲು ಒಂದೆರಡು ಕಿಲೋಮೀಟರ್ ಇದ್ದರೆ ಹಿಂದೆ ಹೋಗಿ ನಿಲ್ಲಬೇಡ, ಕಾರಿನವರು ಪಕ್ಕದಿಂದ ಮುಂದೆ ಹೋಗಬಹುದು. ಆದರೆ ದೊಡ್ಡ ವ್ಯಾನು ತಂದವರನ್ನು ಎಕ್ಸ್‌ರೇ ಸ್ಕ್ಯಾನರಿಗೆ ಕಳಿಸುತ್ತಾರೆ. ಗಾಡಿ ಮೊರಾಕ್ಕೊಗೆ ಬಂದಾಗ ಕಸ್ಟಮ್ಸ್‌ನವರು ಕೊಟ್ಟ ತಾತ್ಕಾಲಿಕ ಆಮದು ಕಾಗದ ಇಲ್ಲಿ ವಾಪಸ್ ಕೊಡಬೇಕು. ಕಳೆದಿದ್ದರೆ, ನೀನು ಕಾರನ್ನು ಮೊರಾಕ್ಕೊದಲ್ಲೇ ಮಾರಿದೆ ಅಂತ ಅವರ ಅನುಮಾನ. ಕಾರು ಕಣ್ಣ ಮುಂದೆ ನಿಂತಿದ್ದರೂ!

"ಎಷ್ಟು ಹೊತ್ತಿಗೆ ಹೋಗಲಿ?"

"ಬಾಗಿಲು ತೆಗೆಯೋ ಹೊತ್ತಿಗೆ. ರಾತ್ರಿ ಮುಚ್ಚುತ್ತೆ," ಅಂದರು ಶಾಮಣ್ಣ. "ಹಿಂದಿನ ರಾತ್ರಿ ಬೀರ್ ಗಂದೂಜ್ ಅನ್ನೋ ಊರಿನ ಹತ್ತಿರ ಮಲಗಿದರೆ ಬೆಳಗ್ಗೆ ಬರೀ ಎಂಬತ್ತು ಕಿಲೋಮೀಟರ್ ಚಿಲ್ಲರೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಕಿಟಕಿಗಳು ಖಾಲಿ. ಇನ್ನೊಂದು, ಗಡಿಯಾರ. ಮೊರಾಕ್ಕೊ ಗ್ರೀನಿಚ್‌ಗಿಂತ ಒಂದು ಗಂಟೆ ಮುಂದೆ, ಮಾರಿಟೇನಿಯಾ ಗ್ರೀನಿಚ್ ಜೊತೆಗೆ. ಹನ್ನೊಂದಕ್ಕೆ ಈ ಕಡೆ ಬಿಟ್ಟರೆ ಆ ಕಡೆ ಹತ್ತೂಕಾಲಕ್ಕೆ ತಲುಪ್ತೀಯ."

"ಒಂದು ಗಂಟೆ ಲಾಭ!"

"ರಂಜಾನ್ ತಿಂಗಳಲ್ಲಿ ಮೊರಾಕ್ಕೊ ಗಡಿಯಾರ ಹಿಂದಕ್ಕೆ ತಿರುಗಿಸುತ್ತೆ. ಆಗ ಲಾಭ ಇಲ್ಲ. ಉತ್ತರಕ್ಕೆ ವಾಪಸ್ ಬರೋರಿಗೆ ಅದೇ ಗಂಟೆ ನಷ್ಟ. ಆ ಕಡೆ ನಾಲ್ಕು ಗಂಟೆ, ಇನ್ನೂ ಹೊತ್ತಿದೆ ಅಂದುಕೊಂಡು ಬಂದರೆ, ಇಲ್ಲಿ ಐದು ದಾಟಿ ಸಿಬ್ಬಂದಿ ಬೀಗದ ಕೈ ಹುಡುಕ್ತಿರ್ತಾರೆ."

ಆ ಕಡೆಯ ಕೆಲಸ ಭಟ್ರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಮೊದಲು ಜಾಂಡರ್ಮರಿ ಅನ್ನೋ ಅರೆಸೈನಿಕ ಪೊಲೀಸರು, ಅವರಿಗೆ ಒಂದು ಫೀಶ್. ಆಮೇಲೆ ವೀಸಾ ಕೋಣೆ. ಆಮೇಲೆ ಪೊಲೀಸ್ ಮುದ್ರೆ. ಆಮೇಲೆ ಕಸ್ಟಮ್ಸ್‌ನಲ್ಲಿ ಗಾಡಿಗೆ ಪಾಸಾವಾಂ ಅನ್ನೋ ತಾತ್ಕಾಲಿಕ ಪರವಾನಗಿ. ಕೊನೆಗೆ ವಿಮೆ. ಯೂರೋಪಿನ ಹಸಿರು ಕಾರ್ಡು ಮೊರಾಕ್ಕೊದಲ್ಲಿ ನಡೆಯುತ್ತೆ, ಇಲ್ಲಿ ನಡೆಯಲ್ಲ. ಪಶ್ಚಿಮ ಆಫ್ರಿಕಾ ದೇಶಗಳ ಕೂಟದ ಕಂದು ಕಾರ್ಡೂ ನಡೆಯಲ್ಲ, ಯಾಕೆಂದರೆ ಮಾರಿಟೇನಿಯಾ 2000ದಲ್ಲೇ ಆ ಕೂಟ ಬಿಟ್ಟಿತು. ಹಸಿರಿಗೂ ಕಂದಿಗೂ ನಡುವೆ ಈ ದೇಶ ಮರಳಿನ ಬಣ್ಣದಲ್ಲಿ ಕೂತಿದೆ, ಅದರ ವಿಮೆ ಅದರ ಹತ್ತಿರಾನೇ ಕೊಳ್ಳಬೇಕು.

"ವೀಸಾ ಕೋಣೆಯಲ್ಲಿ ಯಂತ್ರ ಕೆಟ್ಟಿದ್ದರೆ?"

"ಕಾಯಿ. ಅವರ ಟೀ ಮೂರು ಸುತ್ತು ಕೊಡ್ತಾರೆ. ಯಾರಾದರೂ ಕೊಟ್ಟರೆ ಬೇಡ ಅನ್ನದೆ ಕುಡಿ."

"ಈ ಕೋಣೆ ಆ ಕೋಣೆ ಅಂತ ಓಡಾಡೋಕೆ ಏಜೆಂಟ್ ಸಿಗ್ತಾನಂತಲ್ಲ?"

ಇಲ್ಲಿ ಕೂಟ ಎರಡಾಯಿತು. ಭಟ್ರು ಬೇಡವೇ ಬೇಡ ಅಂದರು, ಕೋಣೆ ಇರೋದೇ ನಾಲ್ಕೈದು, ಬಾಗಿಲ ಮುಂದಿನ ಸಾಲು ನೋಡಿದರೆ ಯಾವುದು ಅಂತ ಗೊತ್ತಾಗುತ್ತೆ. ಸರಸಕ್ಕ ಮಾತ್ರ ಫ್ರೆಂಚೂ ಅರಬ್ಬಿಯೂ ಬರದವರು ಹಿಡಿಯೋದೇ ಮೇಲು ಅಂದರು, ಗಾಡಿ ಇದ್ದರಂತೂ. ಆದರೆ ರೇಟು ಮೊದಲು, ಬಾಯಲ್ಲಿ ಅಲ್ಲ, ಕಾಗದದ ಮೇಲೆ ಬರೆಸಿ. ಅದರಲ್ಲಿ ಸರಕಾರಿ ಶುಲ್ಕ ಸೇರಿದೆಯಾ ಇಲ್ಲವಾ ಅಂತಲೂ ಬರೆಸಿ. ದುಡ್ಡು ಕೊನೆಯ ತಡೆಗೋಲು ಎತ್ತಿದ ಮೇಲೆ. ಪಾಸ್‌ಪೋರ್ಟ್ ಅವನ ಕೈಗೆ ಹೋದರೆ ನೀನೂ ಅವನ ನೆರಳಾಗಿ ಹೋಗು.

"ನನಗೆ ಗಾಡಿಯೇ ಇಲ್ಲವಲ್ಲ," ಅಂದ ಗಿರಿ, ಇಷ್ಟು ಹೊತ್ತಿನ ಮೇಲೆ.

ಭಟ್ರು ಅವನನ್ನು ದಿಟ್ಟಿಸಿ ನೋಡಿದರು. "ಮೊದಲೇ ಹೇಳೋದಲ್ವೇನೋ. ದಖ್ಲಾದಲ್ಲಿ ಶೇರ್ ಟ್ಯಾಕ್ಸಿ ಹಿಡಿ. ಗಡಿಗೆ ಬಿಡೋದು ಒಂದು ದರ, ಆಚೆಗೆ ದಾಟಿಸಿ ನುವಾದಿಬುಗೆ ಬಿಡೋದು ಇನ್ನೊಂದು ದರ. ಎರಡನೆಯದೇ ಮಾತಾಡಿಕೊ. ಆದರೆ ಡಿಕ್ಕಿಯಲ್ಲಿ ಇದು ಯಾರ ಚೀಲ ಅಂತ ಕೇಳಿದಾಗ ನಿನ್ನದಲ್ಲದ್ದನ್ನ ನಿನ್ನದು ಅನ್ನಬೇಡ, ಚಾಲಕ ಎಷ್ಟು ಅಣ್ಣ ತಮ್ಮ ಅಂದರೂ. ಡ್ರೋನ್ ಇದ್ದರೆ ಮನೆಯಲ್ಲೇ ಇಟ್ಟು ಹೋಗು, ಎರಡೂ ದೇಶದಲ್ಲಿ ಕಿತ್ತಿಟ್ಟುಕೊಳ್ತಾರೆ. ಮದ್ಯ ಮಾರಿಟೇನಿಯಾದಲ್ಲಿ ನಿಷೇಧ."

ಇನ್ನು ದುಡ್ಡು. ಇದನ್ನು ಶಾಮಣ್ಣ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

"ಅಲ್ಲಿಯ ನಾಣ್ಯದ ಹೆಸರೇ ಉಗಿಯಾ. ಲೆಕ್ಕ ತಪ್ಪಿದರೆ ನಿನಗೆ ನೀನೇ ಉಗಿದುಕೊಳ್ಳೋದು ಅಂತ. 2018ರಲ್ಲಿ ಒಂದು ಸೊನ್ನೆ ಕಿತ್ತುಹಾಕಿದರು. ಹಳೆಯ ಹತ್ತಕ್ಕೆ ಹೊಸ ಒಂದು. ನೋಟು ಹೊಸದು ಬಂತು, ಬಾಯಿ ಹಳೆಯದೇ ಉಳೀತು. ಸಾವಿರ ಅಂತಾರೆ, ಕೊಡಬೇಕಾದ್ದು ನೂರು."

"ಅವನು ಹೊಸದರಲ್ಲೇ ಸಾವಿರ ಅಂದಿದ್ದರೆ?"

"ಅದಕ್ಕೇ ಕೇಳಬೇಕು, ಹಳೆಯದೋ ಹೊಸದೋ ಅಂತ. ಯೂರೋಗೆ ಹೊಸದು ನಲವತ್ತರ ಮೇಲೆ ಬರುತ್ತೆ ಅಂತ ತಲೆಯಲ್ಲಿ ಇಟ್ಟುಕೊ. ಐವತ್ತು ಯೂರೋ ಬದಲಾಯಿಸಿದರೆ ಹೊಸ ಎರಡು ಸಾವಿರ ಚಿಲ್ಲರೆ. ಯಾರಾದರೂ ನಿನ್ನ ಕೈಗೆ ಇನ್ನೂರು ಇಟ್ಟು, ಇದು ಹಳೆಯ ಲೆಕ್ಕದಲ್ಲಿ ಎರಡು ಸಾವಿರ ಅಂದರೆ..."

"ಅಂದರೆ?"

"ಅವನು ಹೇಳಿದ್ದು ಸತ್ಯ. ನಿನ್ನ ಮುಕ್ಕಾಲು ಮೂರು ವೀಸೆ ದುಡ್ಡು ಮಾತ್ರ ಅವನ ಜೇಬಲ್ಲಿ. ಮೇಲಾಗಿ ಒಂದು ಉಗಿಯಾಗೆ ಐದು ಖುಮ್ಸ್. ನೂರಲ್ಲ, ಐದು. ಖುಮ್ಸ್ ಅಂದರೇ ಐದರಲ್ಲೊಂದು. ಈಗಿನ ಪ್ರಪಂಚದಲ್ಲಿ ಹೀಗೆ ಐದರ ಲೆಕ್ಕ ಇಟ್ಟುಕೊಂಡಿರೋದು ಇವರೂ ಮಡಗಾಸ್ಕರ್‌ನವರೂ ಎರಡೇ."

"ಉಳಿದ ಮೊರಾಕ್ಕೊ ದಿರ್ಹಮ್?"

"ಎರಡು ಸಾವಿರಕ್ಕಿಂತ ಜಾಸ್ತಿ ಹೊರಗೆ ಒಯ್ಯೋ ಹಾಗಿಲ್ಲ. ಡೀಸೆಲ್, ನೀರು, ಬ್ರೆಡ್ಡು ಅಂತ ಗೆರ್ಗರಾತ್‌ನಲ್ಲೇ ಖಾಲಿ ಮಾಡು. ನೀರು ತಲೆಗೆ ದಿನಕ್ಕೆ ಐದು ಲೀಟರ್ ಲೆಕ್ಕ ಹಾಕಿ, ಒಂದು ದಿನದ್ದು ಹೆಚ್ಚಿಗೆ. ಮರುಭೂಮಿ ಅಂತ ಅಲ್ಲ, ಕ್ಯೂ ಅಂತ."

ಗಿರಿ ಮುಖ ಸಣ್ಣದಾಗಿತ್ತು. "ಇಷ್ಟೆಲ್ಲ ಕಾಗದವೇ ಆದರೆ ಮರುಭೂಮಿ ಎಲ್ಲಿ ಬರುತ್ತೆ?"

"ಕಾಗದದ ಗಡಿಗೆ ಬೆಟ್ಟವೇ ತೂತಾಗಿದೆ, ನೀನೇನು," ಅಂತ ಭಟ್ರು ರೈಲಿಗೆ ಬಂದರು, ಬರದೆ ಇರುತ್ತಾರೆಯೇ. ಮಾರಿಟೇನಿಯಾದ ಜುವೆರಾತ್‌ನಿಂದ ನುವಾದಿಬುಗೆ ಕಬ್ಬಿಣದ ಅದಿರು ಹೊರುವ ರೈಲು ಇದೆ. ಏಳುನೂರು ಕಿಲೋಮೀಟರ್ ದಾರಿ, ರೈಲೇ ಎರಡು ಕಿಲೋಮೀಟರ್‌ಗಿಂತ ಉದ್ದ. ಶೂಮ್ ಅನ್ನೋ ಊರಿನ ಹತ್ತಿರ ಹಳಿಗೆ ಸಪಾಟು ನೆಲ ಇತ್ತು, ಆದರೆ ಅದು ಆಗ ಸ್ಪೇನ್‌ನವರ ಸಹಾರಾ. ಒಪ್ಪಂದ ಕುದುರಲಿಲ್ಲ. ಫ್ರೆಂಚರು ಗಡಿಯ ಈಚೆಗೇ ಬಂಡೆ ಕೊರೆದು ಸುಮಾರು ಎರಡು ಕಿಲೋಮೀಟರ್ ಸುರಂಗ ಮಾಡಿದರು. ಸ್ಪೇನ್ ಹೋಯಿತು, ಹಳಿ ಸಪಾಟು ನೆಲಕ್ಕೆ ಇಳೀತು, ಸುರಂಗ ಬಾಯಿ ತೆರೆದುಕೊಂಡು ಅಲ್ಲೇ ಇದೆ.

ಪಟ್ಟಿ ಹೊಸದಾಗಿ ಬರೆಸಿದ್ದು ಸರಸಕ್ಕ. ಫೀಶ್ ಮೂವತ್ತು. ಒಪ್ಪಿಗೆ ಪತ್ರ ಎರಡು. ಯೂರೋ ಚಿಲ್ಲರೆ. ನೀರು. ಪೆನ್ನು ಎರಡು, ಯಾಕೆಂದರೆ ಒಂದನ್ನು ಯಾರೋ ಅಧಿಕಾರಿ ತಗೊಂಡು ಮರೆಯುತ್ತಾರೆ. ದಿಕ್ಸೂಚಿ ಹೊಡೆದುಹಾಕಿದರು, ಇರೋದು ಒಂದೇ ರಸ್ತೆ.

"ನೀಲಿ ಬಟ್ಟೆ?" ಅಂದ ಗಿರಿ, ತೀರಾ ಮೆತ್ತಗೆ.

"ಇರಲಿ ಬಿಡಿ ಪಾಪ," ಅಂದರು ಶಾಮಣ್ಣ. "ಗಾಳಿ ಎದ್ದರೆ ಮೂಗು ಬಾಯಿಗೆ ಅದಕ್ಕಿಂತ ಒಳ್ಳೇದಿಲ್ಲ. ವೀಸಾ ಕೋಣೆಯಲ್ಲಿ ಮಾತ್ರ ಫೋಟೋ ತೆಗೆಯೋಕೆ ಕರೆಯೋ ಮುಂಚೆಯೇ ಬಿಚ್ಚೋಕೆ ಶುರು ಮಾಡು. ಐದು ಮೀಟರ್ ಇದೆ."